ಹನ್ನೊಂದು ದಿನ ನೀರಲ್ಲಿದ್ದ ಕಡ್ಡಿ

"ಮುಂದಿನವರನ್ನ ಕಳಿಸಿ," ಎಂದು ತಲೆಯೆತ್ತಿದ ಅವಳ ಕೈಯಿಂದ ಪೆನ್ನು ಜಾರಿತು.

ಬಾಗಿಲಲ್ಲಿ ನಿಂತಿದ್ದವನು... ಅವನೇ!

ಆರು ವರ್ಷ. ಕಿವಿಯ ಪಕ್ಕ ನರೆ ಇಣುಕಿತ್ತು. ಅವಳ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ ಕೇಳಿ ಬಂದಿದ್ದ. ಇಲ್ಲಿಯ ಮುಖ್ಯಸ್ಥೆ ಯಾರೆಂದು ಗೊತ್ತಿದ್ದೇ ಬಂದನೇ? 

ಕೂರಲು ಹೇಳಿ ಫಾರ್ಮು ಎಳೆದುಕೊಂಡಳು. ಮೊದಲ ಪ್ರಶ್ನೆ: ಅಭ್ಯರ್ಥಿ ನಿಮ್ಮ ಸಂಬಂಧಿಯೇ? ಬೆಳಗಿನಿಂದ ನಾಲ್ಕು ಜನರಿಗೆ ಕಣ್ಣುಮುಚ್ಚಿ 'ಇಲ್ಲ' ಎಂದು ಗುರುತು ಹಾಕಿದ್ದಳು. ಈಗ ಆ ಜಾಗ ಹಾಗೇ ಬಿಟ್ಟಳು.

ಆಗ ಅವಳು ಸಂಶೋಧನೆ ಮಾಡುತ್ತಿದ್ದ ಹುಡುಗಿ, ಅವನು ಅದೇ ಲ್ಯಾಬಿನ ಸಹಾಯಕ. ಮೂಗಿನ ತುದಿಯಲ್ಲೇ ಕೋಪವಿದ್ದ ಅವಳನ್ನು 'ಸಿಡುಕಿ' ಎಂದು ಕರೆಯುವ ಧೈರ್ಯವಿದ್ದ ಒಂದೇ ಒಂದು ಪ್ರಾಣಿ! ಮದುವೆಗೆ ಎರಡೂ ಮನೆಯವರು ಒಪ್ಪಿಯಾಗಿತ್ತು.

ಅವಳ ತಲೆಯಲ್ಲಿ ಮಾತ್ರ ಸದಾ ಪೊಟ್ಯಾಸಿಯಂ. ಬೇರಿನ ಕೋಶಕ್ಕೊಂದು ತೆಳು ಪೊರೆಯಿದೆ. ಹೊರಗಿನ ನೀರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೆ ಪೊರೆಯ ದ್ವಾರಗಳಲ್ಲಿ ತಾನಾಗಿ ಒಳಗೆ ಹರಿಯುತ್ತದೆ. ತೀರಾ ಕಡಿಮೆಯಿದ್ದರೆ ಕೋಶ ತನ್ನ ಶಕ್ತಿ ಖರ್ಚು ಮಾಡಿ ಎಳೆದುಕೊಳ್ಳಬೇಕು. ಹಾಗೆ ಎಳೆಯುವುದರಲ್ಲಿ ಎಲ್ಲವನ್ನೂ ಮೀರಿಸುವ ಗೋಧಿ ಸಸಿ ತನಗೆ ಸಿಕ್ಕಿದೆಯೆಂದು ಅವಳು ಕುಣಿದಾಡಿದ್ದಳು. ಪೊಟ್ಯಾಸಿಯಂ ಇಲ್ಲವೇ ಇಲ್ಲ ಎನ್ನುವಂಥ ನೀರಲ್ಲೂ ಅದರ ಎಲೆಯಂಚು ಹಳದಿಯಾಗಿರಲಿಲ್ಲ!

ಅದನ್ನು ಎಲ್ಲರೆದುರು ಮಂಡಿಸುವ ಹಿಂದಿನ ದಿನ ಪ್ರೊಫೆಸರ್ ಕರೆಸಿದರು. ನಿನ್ನ ಅಂಕಿಗಳೆಲ್ಲ ತಪ್ಪು, ಅವನೇ ಬಂದು ಹೇಳಿದ ಎಂದರು; ತಪ್ಪೇನೆಂದು ಮಾತ್ರ ಬಿಡಿಸಿ ಹೇಳಲಿಲ್ಲ. ಎರಡು ವರ್ಷದ ದುಡಿಮೆ ನೀರುಪಾಲಾಯಿತು. ಅವನು ಅಂದೇ ಕೆಲಸ ಬಿಟ್ಟ. ಕೈ ಹಿಡಿಯಬೇಕಾದವನೇ ಕಾಲೆಳೆದನಲ್ಲೇ ಎಂದು ಅಮ್ಮ ಅತ್ತಳು. ಅವಳು ಅಳಲಿಲ್ಲ. ಮದುವೆ ಬೇಡವೆಂದು ಹೇಳಿ ಕಳಿಸಿದಳು.

ಈಗ ತಾನಾಗಿ ಬಂದು ಸಿಕ್ಕಿದ್ದಾನೆ. ಬಿಡುವವಳೇ ಅವಳು?

"ಪೊಟ್ಯಾಸಿಯಂ ಇಲ್ಲದ ನೀರಲ್ಲಿ ಸಸಿ ಬೆಳೆಸುವಾಗ ಯಾವ ವಿಷಯದಲ್ಲಿ ಹುಷಾರಾಗಿರ್ತೀರಿ?"

ಅವನು ತನ್ನ ಬೆರಳುಗಳನ್ನೇ ನೋಡುತ್ತ ಹೇಳಿದ. "ನೀರಿನ ಹುಳಿ ಅಳೆಯೋ ಪಿಎಚ್ ಕಡ್ಡಿ ವಿಷಯದಲ್ಲಿ, ಮೇಡಂ. ಅದರೊಳಗಿರೋದೇ ಪೊಟ್ಯಾಸಿಯಂ ಉಪ್ಪಿನ ನೀರು. ಸಣ್ಣಗೆ ಸೋರ್ತಾ ಇರುತ್ತೆ. ಅದ್ದಿ, ನೋಡಿ, ತೆಗೆದುಬಿಡಬೇಕು."

"ತೆಗೀದಿದ್ರೆ?"

"ಸಸಿ ಹಸಿರಾಗೇ ಇರುತ್ತೆ. ನೋಡಿದೋರು ಮೋಸ ಹೋಗ್ತಾರೆ."

"ನನ್ನ ತೊಟ್ಟೀಲಿ ಯಾರು ಬಿಟ್ಟಿದ್ದು?"

"ನಾನು. ಹನ್ನೊಂದು ದಿನ."

ಹನ್ನೊಂದು ದಿನ... ಅವಳು ಜ್ವರದಿಂದ ಮಲಗಿದ್ದ ದಿನಗಳು! ದಿನಾ ಅಳತೆ ತೆಗೆದಿಡು ಎಂದು ಅವಳೇ ಅವನಿಗೆ ಹೇಳಿದ್ದಳು. ಪ್ರತಿಸಲ ಕಡ್ಡಿ ಅದ್ದಿದರೆ ಅವಳ ಮುದ್ದಿನ ಬೇರುಗಳು ಮುರಿದಾವೆಂದು ಅವನು ಅದನ್ನು ತೊಟ್ಟಿಯಲ್ಲೇ ನಿಲ್ಲಿಸಿಬಿಟ್ಟಿದ್ದ. ಜ್ವರ ಬಿಟ್ಟು ಬಂದವಳು ತಾನೇ ಅಳೆದಂತೆ ಪುಸ್ತಕದಲ್ಲಿ ಹನ್ನೊಂದು ಸಹಿ ಹಾಕಿದ್ದಳು.

ಉಳಿದದ್ದನ್ನು ಅವನು ನಿಧಾನವಾಗಿ ಹೇಳಿದ. ಕಡ್ಡಿ ತುಂಬಿಸಲು ತೆಗೆದಾಗ ಒಳಗಿನ ನೀರು ಅರ್ಧಕ್ಕಿಳಿದಿತ್ತಂತೆ. ಓಡಿಹೋಗಿ ಪ್ರೊಫೆಸರ್ ಎದುರು ತಪ್ಪು ಒಪ್ಪಿಕೊಂಡನಂತೆ. ವಿಷಯ ಹೊರಬಿದ್ದರೆ ಅವಳ ಸಹಿ ಸುಳ್ಳಾಗುತ್ತೆ, ಅವಳನ್ನೇ ತೆಗೆದುಹಾಕುತ್ತಾರೆ, ಸದ್ದಿಲ್ಲದೆ ಹೋಗು ಎಂದರಂತೆ ಅವರು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವೇ ಹೋಗಿ ಸಹಿ ಸುಳ್ಳು ಅಂತ ಒಪ್ಪಿಕೊಳ್ತಿದ್ರಿ. ಆದ್ರೂ ತಡ್ಕೊಳ್ಳೋಕಾಗದೆ ಲ್ಯಾಬಿನ ಎದುರಿನ ಬಸ್ ಸ್ಟಾಪಲ್ಲಿ ಒಂದು ತಿಂಗಳು ನಿಂತೆ. ನೀವು ಒಂದು ಸಲ ತಿರುಗಿ ನೋಡಿದ್ರೂ ಹೇಳಿಬಿಡ್ತಿದ್ದೆ."

ಅವಳು ನೋಡಿದ್ದಳು. ದಿನಾ ಓರೆಗಣ್ಣಲ್ಲಿ ಆ ನೀಲಿ ಶರ್ಟು ಕಂಡೇ ನಡಿಗೆ ಜೋರು ಮಾಡಿದ್ದಳು.

"ನನ್ನ ಬದುಕನ್ನ ನೀವಿಬ್ರು ಕೂತು ತೀರ್ಮಾನ ಮಾಡಿಬಿಟ್ರಿ," ಎಂದಳು. "ಅಮ್ಮ ನಿಮ್ಮನ್ನ ಶಪಿಸ್ತಾನೇ ಕಣ್ಣುಮುಚ್ಚಿದಳು. ಆ ಶಾಪಾನ ಈಗ ಯಾರು ವಾಪಸ್ ತಗೋಬೇಕು?"

ಅವನು ಕಣ್ಣೊರೆಸಿಕೊಂಡ. ಕಡ್ಡಿ ಬಿಟ್ಟದ್ದಕ್ಕಿಂತ ಬಾಯಿ ಮುಚ್ಚಿಕೊಂಡಿದ್ದೇ ದೊಡ್ಡ ತಪ್ಪು ಎಂದ.

ನಾನಾದರೂ ಕೇಳಿದೆನೇ? ಒಂದೇ ಒಂದು ಮಾತು? ಅವಳು ಪೆನ್ನು ಎತ್ತಿಕೊಂಡಳು. ಫಾರ್ಮಿನ ಮೇಲೆ ಒಂದು ಗುರುತು ಹಾಕಿ ಪಕ್ಕಕ್ಕಿಟ್ಟಳು.

"ನಿಮ್ಮ ಸಂದರ್ಶನ ನಾನು ಮಾಡೋ ಹಾಗಿಲ್ಲ. ಎರಡು ಗಂಟೆಗೆ ಪಕ್ಕದ ವಿಭಾಗದವರು ಮಾಡ್ತಾರೆ."

ಮುಖ ಸಣ್ಣದು ಮಾಡಿಕೊಂಡು ಎದ್ದವನ ಕಣ್ಣು ಆ ಹಾಳೆಯ ಮೇಲೆ ಬಿತ್ತು.

"ಮೇಡಂ... ಸಂಬಂಧಿಯೇ ಅನ್ನೋದಕ್ಕೆ ಹೌದು ಅಂತ ಹಾಕಿದೀರಿ."

"ನನಗೂ ಕಣ್ಣು ಕಾಣುತ್ತೆ."

"ಏನು ಸಂಬಂಧ ಅನ್ನೋ ಜಾಗ ಖಾಲಿ ಇದೆ."

"ಇರಲಿ. ಆರು ವರ್ಷದ ಕೋಪ ಇದೆ ನನಗೆ. ಅದು ಇಳಿದ ದಿನ ಬರೀತೀನಿ."

ಅವನು ಬಾಗಿಲವರೆಗೆ ಹೋಗಿ ತಿರುಗಿದ. "ಅಲ್ಲೀವರೆಗೆ ನಾನು ಎಲ್ಲಿ ಕಾಯ್ಲಿ... ಸಿಡುಕಿ?"

ಆರು ವರ್ಷ ತಡೆದಿದ್ದ ಅಳು ಆಗ ಬಂತು.

"ಬಸ್ ಸ್ಟಾಪಲ್ಲಂತೂ ಬೇಡ," ಎಂದಳು. "ಇಲ್ಲೇ ಕೂತ್ಕೋ."