ಒಂಬತ್ತನೇ ಲಾಕರಿನ ಮರೆವು

ಒಂಬತ್ತನೇ ಲಾಕರಿನ ಬಾಗಿಲು ಬೆರಳಗಲ ತೆರೆದಿತ್ತು. ಸಾಮಾನು ಕೊಂಡು ಬಂದ ಗಡಿಯಾರ ರಿಪೇರಿಯವರು ಖಾಲಿ ಗೂಡಿನೊಳಗೆ ಕೈಯಾಡಿಸಿದರು—ಒಮ್ಮೆ, ಮತ್ತೊಮ್ಮೆ. ಗಿರಾಕಿಗಳ ನಾಲ್ಕು ಕೈಗಡಿಯಾರಗಳಿದ್ದ ಚೀಲ ಮಾಯ. ಅವರು ತಿರುಗಿ ನೋಡಿದ್ದು ಲಾಕರ್ ಕಾಯುವಾಕೆಯನ್ನು.

ಅವರೊಬ್ಬರೇ ಏನು, ಇಡೀ ಸೂಪರ್‌ಮಾರ್ಕೆಟ್ಟೇ ಆಕೆಯತ್ತ ತಿರುಗಿತು. ಬೀಗ ಮುರಿದಿಲ್ಲ. ರಿಪೇರಿಯವರು ಲಾಕರಿಗೆ ತಾವು ಒತ್ತಿದ ಗುಪ್ತಸಂಖ್ಯೆಯನ್ನು ಹೆಂಡತಿಗೂ ಹೇಳಿದವರಲ್ಲ. ಎಲ್ಲ ಲಾಕರುಗಳನ್ನೂ ತೆರೆಯುವ ಮೂಲಸಂಖ್ಯೆ ಗೊತ್ತಿರುವುದು ಆಕೆಗೊಬ್ಬಳಿಗೇ. ಹತ್ತು ನಿಮಿಷ ಟೀ ಕುಡಿಯಲು ಹೋಗಿದ್ದೆ ಎಂದರೆ ನಂಬುವವರು ಯಾರು? ಮೇಲ್ವಿಚಾರಕ ನಿಟ್ಟುಸಿರಿಟ್ಟು, ಸಂಜೆಯೊಳಗೆ ಚೀಲ ಸಿಗದಿದ್ದರೆ ಕೆಲಸ ಹೋದಂತೆಯೇ, ಪೊಲೀಸರನ್ನೂ ಕರೆಯಬೇಕಾದೀತು ಎಂದ—ಒಡಹುಟ್ಟಿದ ಅಣ್ಣನ ಹಾಗೆ, ಮೆತ್ತಗೆ. ಕಳ್ಳಿ ಎಂಬ ಹೆಸರು ಹೊತ್ತವಳಿಗೆ ಇನ್ನೆಲ್ಲಿ ಕೆಲಸ?

ಆಕೆ ಫೋನು ಮಾಡಿದ್ದು ಅಕ್ಕನ ಗಂಡನಿಗೆ. ಭಾವ ಬೀಗ ರಿಪೇರಿಯವನು. ಮನೆಯವರ ಪ್ರಕಾರ ಅವನಿಗೆ ಬೀಗ ಹಾಕಲು ಬಾರದ್ದು ಒಂದೇ—ಅವನ ಬಾಯಿಗೆ. ಬಂದವನೇ, ಮೇಲ್ವಿಚಾರಕ ಇನ್ನೊಮ್ಮೆ ಬಿಟ್ಟ ನಿಟ್ಟುಸಿರನ್ನು ಅಚ್ಚು ಹೊಡೆದಂತೆ ಬಿಟ್ಟು ತೋರಿಸಿದ. ಅಳುತ್ತಿದ್ದ ನಾದಿನಿಗೂ ನಗು ಬಂತು. ಆಮೇಲೆ ಅವನು ಗಂಭೀರನಾದ.

“ಈ ವಾರ ನೀನು ಮೂಲಸಂಖ್ಯೆ ಎಷ್ಟು ಸಲ ಒತ್ತಿದೆ?”

“ಏಳೆಂಟು ಸಲ. ಜನಕ್ಕೆ ತಮ್ಮ ನಂಬರೇ ನೆನಪಿರಲ್ಲ ಭಾವ. ತೆಗಿಯೋಕಾಗದೆ ನನ್ನ ಹತ್ರ ಬರ್ತಾರೆ.”

“ಅದರ ಹಿಂದಿನ ವಾರ?”

ಆಕೆ ಯೋಚಿಸಿದಳು. “ಒಂದು ಸಲಾನೂ ಇಲ್ಲ.”

“ಒಂದೇ ವಾರದಲ್ಲಿ ಇಷ್ಟು ಜನಕ್ಕೆ ಮರೆವು ಬಡೀತಾ?”

ಲಾಕರನ್ನು ಹೇಗೆ ಮುಚ್ಚಿದಿರೋ ಹಾಗೇ ಇನ್ನೊಮ್ಮೆ ಮುಚ್ಚಿ ಎಂದು ಭಾವ ಗಡಿಯಾರ ರಿಪೇರಿಯವರನ್ನು ಕೇಳಿಕೊಂಡ. ಅವರು ಗೋಡೆಯ ಸೂಚನಾಚೀಟಿಯನ್ನು ಓದಿಕೊಂಡು, ಮೊದಲು ಸಂಖ್ಯೆ ಒತ್ತಿ, ಆಮೇಲೆ ಬಾಗಿಲು ಮುಚ್ಚಿದರು. ಟಕ್ಕೆಂದಿತು. ಈಗ ಅದೇ ಸಂಖ್ಯೆಯಿಂದ ತೆರೆಯಿರಿ ಎಂದ. ಕೆಂಪು ದೀಪ. ಮತ್ತೊಮ್ಮೆ ಒತ್ತಿದರು. ಮತ್ತೆ ಕೆಂಪು.

“ಬಾಗಿಲು ತೆರೆದಿರೋವಾಗ ಒತ್ತಿದ್ದನ್ನ ಈ ಯಂತ್ರ ಲೆಕ್ಕಕ್ಕೇ ತಗೊಳ್ಳಲ್ಲ ಸ್ವಾಮಿ. ಹೊಸ ನಂಬರ್ ಸಿಗದಿದ್ರೆ ಹಿಂದಿನವರ ನಂಬರಲ್ಲೇ ಲಾಕ್ ಆಗುತ್ತೆ. ಈ ವಾರವೆಲ್ಲ ಮರೆತಿದ್ದು ಜನ ಅಲ್ಲ, ಲಾಕರು.” ಇಂಥ ಲಾಕರು ಬೇರೆ ಅಂಗಡಿಗಳಲ್ಲಿ ಮಾತಾಡುತ್ತದೆ ಎಂದು ಅವನು ಮೂಗಿನಲ್ಲಿ ಯಂತ್ರದ ದನಿ ತೆಗೆದ: “ದಯವಿಟ್ಟು ಬಾಗಿಲು ಮುಚ್ಚಿ. ನಂತರ ಸಂಖ್ಯೆ ಒತ್ತಿ.” ಇಲ್ಲಿನ ದನಿ ಎಲ್ಲಿ ಹೋಯಿತು?

ಆ ದನಿ ತಲೆನೋವೆಂದು ಕಳೆದ ಸೋಮವಾರ ನಿಲ್ಲಿಸಿದರು, ಅದೇ ದಿನ ಚೀಟಿಯನ್ನೂ ಅಂಟಿಸಿದರು ಎಂದಳು ಆಕೆ. ಯಾರು ಎಂದು ಹೇಳಬೇಕಾಗಲಿಲ್ಲ; ಅವಳ ಕಣ್ಣು ಮೇಲ್ವಿಚಾರಕನ ಮೇಲಿತ್ತು.

“ಬರೆಯೋವಾಗ ಹಿಂದುಮುಂದಾಗಿರಬಹುದು,” ಎಂದ ಅವನು. “ಅಷ್ಟಕ್ಕೆ ನಾನು ಕಳ್ಳನಾ?”

“ಅಷ್ಟಕ್ಕೇ ಅಲ್ಲ. ದಿನಾ ಬೆಳಿಗ್ಗೆ ಈ ಲಾಕರುಗಳನ್ನ ಮೊದಲು ಮುಟ್ಟೋರು ಯಾರು?”

ಉತ್ತರ ಆಕೆಯ ಬಳಿಯೇ ಇತ್ತು. ಗಿರಾಕಿಗಳು ಬರುವ ಮೊದಲು ಮೇಲ್ವಿಚಾರಕನೇ ಒಂದೊಂದನ್ನೂ ಮುಚ್ಚಿ, ಸಂಖ್ಯೆ ಒತ್ತಿ, ತೆರೆದು ಪರೀಕ್ಷಿಸುತ್ತಿದ್ದ; ತನ್ನ ಕೆಲಸ ಹಗುರಾಯಿತೆಂದು ಆಕೆ ಸಂತೋಷಪಟ್ಟಿದ್ದಳು. ಅವನ ಬೆರಳು ಗುಂಡಿಗಳ ನಡುಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿಯುವುದನ್ನು ವಾರವಿಡೀ ನೋಡಿದ್ದಳು.

ಯಾರೂ ಹೇಳದೆಯೇ ಆಕೆ ಎದ್ದು ಒಂಬತ್ತನೇ ಲಾಕರಿನ ಮುಂದೆ ನಿಂತಳು. ಎರಡು, ಐದು, ಎಂಟು, ಸೊನ್ನೆ.

ಬಾಗಿಲು ತೆರೆಯಿತು.

“ಚೀಟಿ ನಂಬಿದವರ ಚೀಲವೆಲ್ಲ ಇವರ ನಂಬರಲ್ಲೇ ಇತ್ತು,” ಎಂದ ಭಾವ. “ನೀನು ಟೀಗೆ ಹೋಗೋದನ್ನ ಕಾಯೋದಷ್ಟೇ ಬಾಕಿ. ಮೂಲಸಂಖ್ಯೆ ನಿನ್ನ ಹತ್ರ ಇರೋದ್ರಿಂದ ಅನುಮಾನವೂ ನಿನ್ನ ಪಾಲಿಗೆ.”

ಮೇಲ್ವಿಚಾರಕ ಈ ಸಲ ನಿಟ್ಟುಸಿರು ಬಿಡಲಿಲ್ಲ. ಅವನ ಮೇಜಿನ ಕೆಳಗಿನ ಖಾನೆಯಲ್ಲಿ ಚೀಲ ಸಿಕ್ಕಿತು.

ಗಡಿಯಾರಗಳನ್ನು ಒಂದೊಂದಾಗಿ ಕಿವಿಗಿಟ್ಟು ನೋಡಿದ ಮೇಲೆ ರಿಪೇರಿಯವರು ಆಕೆಯ ಬಳಿ ಬಂದು ತಲೆ ತಗ್ಗಿಸಿ ನಿಂತರು. “ನಿಮ್ಮನ್ನ ಕಳ್ಳಿ ಅಂದ್ಕೊಂಡೆನಮ್ಮಾ.”

“ನಾನು ಮೇಲ್ವಿಚಾರಕರನ್ನ ಒಳ್ಳೆಯವರು ಅಂದ್ಕೊಂಡಿದ್ದೆ ಸರ್,” ಎಂದಳು ಆಕೆ. “ಇಬ್ಬರೂ ಮುಖ ನೋಡೇ ಮೋಸ ಹೋದ್ವಿ.”