ಬೋಣಿ ಸೀರೆಯೊಳಗಿನ ಕಾರ್ಡು

"ಕಾರ್ಡ್ ಎಂಗಮ್ಮಾ?"

ಪಟ್ಟಣ ಪಂಚಾಯ್ತಿಯ ಇನ್ಸ್‌ಪೆಕ್ಟರ್ ತಮಿಳ್‌ಸೆಲ್ವನ್ ಕಾರ್ಡ್ ಎಲ್ಲಿ ಎಂದು ತಮಿಳಿನಲ್ಲಿ ಎರಡನೇ ಸಲ ಕೇಳುವಾಗ ಮೀನಾಳ ಕೈ ಬ್ಯಾಗಿನ ತಳ ಮುಟ್ಟಿತ್ತು. ನೀರಿನ ಬಾಟಲಿ ಇತ್ತು, ಬಾಚಣಿಗೆ ಇತ್ತು, ಬಸ್ ಟಿಕೆಟ್ ಇತ್ತು. ಬೀದಿ ವ್ಯಾಪಾರದ ಪರವಾನಗಿ ಕಾರ್ಡ್ ಮಾತ್ರ ಇರಲಿಲ್ಲ.

ಅವರ ಹಿಂದೆ ಅದೇ ಕಚೇರಿಯ ಗುಮಾಸ್ತ ಧನಪಾಲ್ ನಿಂತಿದ್ದ. ಪಾಲಕೋಡಿನಲ್ಲಿ ಬೀದಿ ವ್ಯಾಪಾರದ ಅರ್ಜಿಗಳೆಲ್ಲ ಅವನ ಮೇಜಿಗೇ ಬರುತ್ತಿದ್ದವು. ಎಡಪ್ಪಾಡಿಯ ಮಗ್ಗದ ಮನೆಯಿಂದ ಸೀರೆಗಂಟು ಹೊತ್ತು ಬಂದು ಮನೆಮನೆಗೆ ಮಾರುವ ಮೀನಾ ಮೂರು ತಿಂಗಳು ಅವನ ಕೌಂಟರಿಗೆ ಅಲೆದಿದ್ದಳು. ಇಬ್ಬರ ಮನೆಮಾತೂ ಕನ್ನಡ. "ಇನ್ನೊಂದು ದಾಖಲೆ ಬೇಕಲ್ಲಾ," ಎಂದು ಪ್ರತಿ ಸಲವೂ ತಲೆ ತಗ್ಗಿಸಿಯೇ ಹೇಳುತ್ತಿದ್ದ. ಅವಳು ಹೊರಟ ಮೇಲೆ ತಲೆ ಎತ್ತುತ್ತಿದ್ದ. ಬಾಗಿಲಿನ ಗಾಜಿನಲ್ಲಿ ಅದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಅದಕ್ಕೆಂದೇ ಈ ಕಳ್ಳಿ ಅಲ್ಲಿ ನಿಂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಳು.

ನಿನ್ನೆ ಕಾರ್ಡ್ ಕೊಡುವಾಗ ಮೊದಲ ಸಲ ಅವಳ ಕಣ್ಣು ನೋಡಿದ್ದ. "ಫೋಟೋ ಚೆನ್ನಾಗಿ ಬಂದೈತೆ," ಎಂದಿದ್ದ. ಅಷ್ಟಕ್ಕೇ ಅವಳು ಊರು ತಲುಪುವವರೆಗೂ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದಳು.

ಇವತ್ತು ಅದೇ ಧನಪಾಲ್ ನೋಟಿಸ್ ಪುಸ್ತಕ ಹಿಡಿದು ಗೋಡೆ ನೋಡುತ್ತಿದ್ದ.

"ನೀವೇ ಕೊಟ್ರಲ್ಲ ಸಾರ್, ಹೇಳಿ ಅವ್ರಿಗೆ!"

ನಿನ್ನೆಯೇ ಕೊಟ್ಟಿದ್ದೇನೆ ಎಂದು ಅವನು ತಮಿಳಿನಲ್ಲಿ ಹೇಳಿದ. ಇನ್ಸ್‌ಪೆಕ್ಟರ್ ಕರಗಲಿಲ್ಲ. ಕಾರ್ಡ್ ಕೈಯಲ್ಲಿಲ್ಲದೆ ಯಾರ ಬಾಗಿಲೂ ತಟ್ಟುವಂತಿಲ್ಲ, ಕಾರ್ಡ್ ಬರುವ ಮೊದಲು ಮಾರಿದ್ದಕ್ಕೆ ಈ ಹುಡುಗಿಗೆ ಎರಡು ನೋಟಿಸ್ ಆಗಿದೆ, ಮೂರನೆಯದು ಬರೆದರೆ ಕಾರ್ಡೇ ರದ್ದು. ಒಂದು ಗಂಟೆಗೆ ಜೀಪು ಹೊರಡುತ್ತದೆ, ಅಷ್ಟರೊಳಗೆ ತೋರಿಸಲಿ, ಇಲ್ಲದಿದ್ದರೆ ಜೀಪಿಗೇರಿಸಿದ ಗಂಟು ಜಪ್ತಿ ಎಂದರು. ಆಗಲೇ ಹನ್ನೆರಡೂವರೆಯಾಗಿತ್ತು.

ಗಂಟಿಗೆ ಜಪ್ತಿಯ ಚೀಟಿ ಕಟ್ಟಲು ಧನಪಾಲನೇ ಬಂದ. ಮೀನಾಳಿಗೆ ಮೈಯೆಲ್ಲ ಉರಿದುಹೋಯಿತು. ಬೆನ್ನುನೋವಿನ ಅಪ್ಪ ಈಗ ಊರೂರು ಸುತ್ತಲಾರ. ಅವಳು ಮಾರದಿದ್ದರೆ ಮನೆಯ ಎರಡು ಮಗ್ಗವೂ ನಿಲ್ಲುತ್ತವೆ. ಇದೆಲ್ಲ ಅರ್ಜಿಯಲ್ಲೇ ಬರೆದಿತ್ತು, ಅವನು ಓದಿದ್ದ.

"ಮೂರ್ ತಿಂಗ್ಳು ನೋಡಿರೋ ಮುಖ ಅಲ್ವಾ ಸಾರ್? ಒಂದ್ ಗಂಟು ಬಿಡಾಕ್ ಆಗಲ್ವಾ?"

"ಸುಳ್ಳು ಬರೆದ್ರೆ ನಾಳೆ ನಿಮ್ ಕಾರ್ಡ್‌ಗೇ ತೊಂದ್ರೆ ಐತೆ." ದಾರದ ಗಂಟು ಬೆರಳಿನಿಂದ ಎರಡು ಸಲ ಜಾರಿತು. "ರಾತ್ರಿ ಎಲ್ಲಿಟ್ರಿ? ಯೋಚ್ನೆ ಮಾಡಿ."

ಆಗ ಅವಳಿಗೆ ನೆನಪಾಯಿತು.

ಅವರ ಮನೆಯಲ್ಲಿ ಹೊಸ ಕಾಗದ ಯಾವುದು ಬಂದರೂ ಮಗ್ಗದಿಂದ ಆಗ ತಾನೇ ಇಳಿದ ಸೀರೆಯ ಮಡಿಕೆಯಲ್ಲಿಟ್ಟು ಚೌಡೇಶ್ವರಿಯ ಪಟದ ಮುಂದೆ ಇಡುತ್ತಾರೆ. ಬೆಳಗ್ಗೆ ಕುಂಕುಮ ಹಚ್ಚಿ ಕಾಗದ ತೆಗೆದ ಮೇಲೆ ಆ ಸೀರೆಯಿಂದಲೇ ಬೋಣಿಯಾಗಬೇಕು. ಇವತ್ತು ಐದರ ಬಸ್ಸಿನ ಅವಸರದಲ್ಲಿ ಅವಳು ಕುಂಕುಮ ಹಚ್ಚಿ, ಕಾರ್ಡ್ ತೆಗೆಯದೆ ಸೀರೆಯನ್ನು ಗಂಟಿಗೆ ಸೇರಿಸಿದ್ದಳು. ಆ ಸೀರೆ ಬೆಳಗ್ಗೆಯೇ ಮಾರಿಹೋಗಿತ್ತು.

"ಯಾವ ಮನೆ?" ಎಂದ ಧನಪಾಲ್.

"ಮನೆ ಗೊತ್ತಿಲ್ಲ ಸಾರ್. ಬೀದಿ ಮೂಲೇಲೇ ನನ್ ನಿಲ್ಲುಸ್ಕೊಂಡ್ರು. ಕನ್ನಡಕಕ್ಕೆ ಕೆಂಪು ದಾರ ಕಟ್ಟಿದ್ರು. ಸೀರೆ ನೋಡ್ಲೇ ಇಲ್ಲ, ನನ್ ಮುಖಾನೇ ನೋಡ್ತಿದ್ರು. ಬೋಣಿ ನಂದೇ ಆಗ್ಲಿ ಕಣಮ್ಮ ಅಂತ ಮೇಲಿಂದ ಎತ್ಕೊಂಡ್ರು."

ಧನಪಾಲನ ಮುಖ ಬಿಳುಚಿಕೊಂಡಿತು. ಫೋನ್ ತೆಗೆದು ಯಾರಿಗೋ, "ಬೆಳಗ್ಗೆ ತಗಂಡ ಸೀರೆ ಬಿಚ್ಚಬ್ಯಾಡ, ಅಂಗೇ ಎತ್ಕೊಂಡು ಬಾ," ಎಂದ. ಆಮೇಲೆ ಇನ್ಸ್‌ಪೆಕ್ಟರ್ ಮುಂದೆ ಹೋಗಿ ಕೈಕಟ್ಟಿ ನಿಂತ.

"ಸಾರ್, ಕಾರ್ಡ್ ನಮ್ಮ ಮನೆಯಲ್ಲಿದೆ. ಆ ಸೀರೆ ತಗೊಂಡಿದ್ದು ನಮ್ಮಮ್ಮ. ಕಳಿಸಿದ್ದು ನಾನೇ."

ತಮಿಳಿನಲ್ಲಿ ಹೇಳಿದ ಆ ಒಂದೊಂದು ಮಾತೂ ಮೀನಾಳ ಕಿವಿಗೆ ಬಿತ್ತು. ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ಬೀದಿಗೆ ಇಳಿದರು.

"ಫೈಲ್ ನೋಡುವವನು ಅರ್ಜಿದಾರರ ಜೊತೆ ವ್ಯವಹಾರ ಇಟ್ಟುಕೊಂಡರೆ ಮೆಮೋ ಬರುತ್ತೆ, ಗೊತ್ತಲ್ಲ?"

"ಗೊತ್ತು ಸಾರ್."

"ಮತ್ಯಾಕೆ ಕಳಿಸಿದೆ?"

ಧನಪಾಲ್ ಒಮ್ಮೆ ಮೀನಾಳ ಕಡೆ ನೋಡಿದ. ಈ ಸಲ ತಲೆ ತಗ್ಗಿಸಲಿಲ್ಲ.

"ನನಗೆ ಇವರು ಇಷ್ಟ ಸಾರ್. ಅಮ್ಮ ಒಂದು ಸಲ ನೋಡಲಿ ಅಂತ ಕಳಿಸಿದೆ. ಕಾರ್ಡ್ ಕೊಟ್ಟ ಮೇಲೇ ಕಳಿಸಿದ್ದು, ಅದಕ್ಕೆ ಮೊದಲು ಒಂದು ಮಾತೂ ಆಡಿಲ್ಲ."

ಮೀನಾ ಜೀಪಿನ ಬಾಗಿಲು ಹಿಡಿದುಕೊಂಡಳು. ಗಂಟು ಹೋಗುತ್ತದೆಂಬ ಭಯ ಒಂದು ಕಡೆ, ಅವನ ಕೆಲಸಕ್ಕೆ ಕುತ್ತು ತಂದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ. ನಡುವೆ ಹಾಳು ಸಂತೋಷ ಬೇರೆ ಉಕ್ಕಿ ಬರುತ್ತಿತ್ತು.

ಒಂದಕ್ಕೆ ಐದು ನಿಮಿಷವಿರುವಾಗ ಧನಪಾಲನ ಅಮ್ಮ ಲಕ್ಷ್ಮಮ್ಮ ಸೀರೆ ಹಿಡಿದು ಏದುಸಿರು ಬಿಡುತ್ತಾ ಬಂದರು. ಮೊದಲ ಮಡಿಕೆ ಬಿಚ್ಚಿದರೆ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಡ್ರೈವರ್ ಜೀಪು ಸ್ಟಾರ್ಟ್ ಮಾಡಿದ. ಮೂರನೇ ಮಡಿಕೆಯಿಂದ ಕಾರ್ಡ್ ಜಾರಿ ನೆಲಕ್ಕೆ ಬಿತ್ತು. ಫೋಟೋದ ಹಣೆಯ ಮೇಲೆ ಸರಿಯಾಗಿ ಕುಂಕುಮ ಹತ್ತಿತ್ತು.

ಇನ್ಸ್‌ಪೆಕ್ಟರ್ ನಂಬರ್ ಓದಿದರು, ತಾರೀಕು ನೋಡಿದರು. ಗಂಟು ಇಳಿಸಲು ಹೇಳಿ ಧನಪಾಲನ ಕಡೆ ತಿರುಗಿದರು. "ಮೆಮೋ ಬರುತ್ತೆ, ಉತ್ತರ ಬರೆದುಕೊಡು. ಇನ್ನು ಈ ಹುಡುಗಿ ಫೈಲ್ ನಿನ್ನ ಮೇಜಿನ ಮೇಲೆ ಇರಬಾರದು." ಜೀಪಿಗೆ ಹತ್ತಿದ ಮೇಲೆ ಮೀಸೆಯಲ್ಲೇ ನಕ್ಕರು.

ಲಕ್ಷ್ಮಮ್ಮ ಸೀರೆ ಚಾಚಿದರು. "ತಗಾ ಕಣಮ್ಮ, ನಿಂಗೇ ಅಂತ ತಗಂಡಿದ್ದು."

"ಬೋಣಿ ಸೀರೆ ವಾಪಸ್ ತಗಳ್ಳಂಗಿಲ್ಲ ಅಮ್ಮಾ," ಎಂದಳು ಮೀನಾ. "ನಿಮ್ಮನೇಲೇ ಇರ್ಲಿ."

ಧನಪಾಲ್ ಗಂಟಿನ ಚೀಟಿ ಬಿಚ್ಚುತ್ತಿದ್ದ. ಅದು ಬೇಗ ಬಿಚ್ಚಿಕೊಂಡಿತು. "ಇನ್ನು ಕೌಂಟರ್‌ಗೆ ಬರಲ್ವಾ?" ಎಂದು ಮೆಲ್ಲಗೆ ಕೇಳಿದ.

"ನಾನ್ಯಾಕೆ ಬರ್ಲಿ? ಮೂರ್ ತಿಂಗ್ಳು ನಿಮ್ ಮುಂದೆ ನಿಂತಿದ್ದು ಸಾಕು. ಭಾನುವಾರ ನೀವ್ ಬಂದು ನಮ್ ಬಾಗ್ಲಾಗೆ ನಿಂತ್ಕಳಿ, ಸಾರ್."

"ಏನೇನ್ ದಾಖಲೆ ತರ್ಬೇಕು?"

ಅವಳು ಗಂಟನ್ನು ತಲೆಗೇರಿಸಿಕೊಂಡು ಕಣ್ಣೊರೆಸಿಕೊಂಡಳು.

"ಅಮ್ಮನ್ ಕರ್ಕೊಂಡು ಬನ್ನಿ. ಸೀರೇನೂ ತನ್ನಿ."