ಋಷಿಕೇಶ ಹೇಳಿದ ಅರ್ಥ

ಸತ್ಯದ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳುವವರಿದ್ದಾರೆ. ಋಷಿಕೇಶ ಆ ಪೈಕಿಯವನಲ್ಲ. ಅವನು ಹೇಳಿದ್ದು ಒಂದೇ ಸುಳ್ಳು, ಅದೂ ಅರ್ಧ.

ಇಂಗ್ಲಿಷರ ನಾಡಿನ ಕನ್ನಡಿಗರೆಲ್ಲ ಸೇರಿದ ಯುಗಾದಿ ಊಟದ ದಿನ ಧಾರವಾಡದ ಡಾಕ್ಟರ್ ಬೃಂದಾ ಒಂದು ಜರ್ಮನ್ ಬ್ಯಾಂಡನ್ನು ಹೊಗಳುತ್ತಿದ್ದಳು. ಎಂಟುನೂರು ವರ್ಷ ಹಳೆಯ ಪದ್ಯಗಳಿಗೆ ಗಿಟಾರು, ಡ್ರಮ್ಸ್, ಬ್ಯಾಗ್‌ಪೈಪ್ ಸೇರಿಸಿ ಹಾಡುತ್ತಾರಂತೆ. “ನಂಗೆ ಜರ್ಮನ್ ಬರುತ್ತೆ, ಅರ್ಥ ಹೇಳ್ತೀನಿ” ಎಂದುಬಿಟ್ಟ ಋಷಿಕೇಶ. ಆಫೀಸಿನ ಕೆಲಸಕ್ಕೆ ಒಂದು ವರ್ಷ ಮ್ಯೂನಿಕ್‌ನಲ್ಲಿದ್ದವನು. ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟು ಬರುತ್ತಿತ್ತು. ಮರುವಾರವೇ ಅವಳು ಎರಡು ಟಿಕೆಟ್ ತಂದಳು.

ಭಾನುವಾರ ಮಧ್ಯಾಹ್ನ, ಅಕ್ಸ್‌ಬ್ರಿಡ್ಜಿನ ಹಾಲ್. ಮರುದಿನ ಬೃಂದಾ ದೂರದ ಉತ್ತರದಲ್ಲಿರುವ ಗ್ಲಾಸ್ಗೋದ ಆಸ್ಪತ್ರೆಗೆ ಹೊರಡುವವಳು, ವರ್ಷದ ಮಟ್ಟಿಗೆ. ಮನಸ್ಸಿನಲ್ಲಿದ್ದದ್ದನ್ನು ಹೇಳಲು ಅವನಿಗಿದ್ದದ್ದು ಇವತ್ತೊಂದೇ ದಿನ.

ಹಾಡು ಶುರುವಾಯಿತು. ಎಂಟುನೂರು ವರ್ಷದ ಹಿಂದಿನ ಜರ್ಮನ್! ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟ ಹಾಗಾಯಿತು ಅವನಿಗೆ.

“ಏನಂತಾನ್ರಿ?” ಬೃಂದಾ ಕಿವಿಯನ್ನು ಅವನತ್ತ ತಂದಳು. ಅವಳ ಕೈಯ ಆಸ್ಪತ್ರೆ ಸೋಪಿನ ವಾಸನೆಯೂ ಹಿತವಾಗಿತ್ತು.

“ಅದು... ಒಬ್ಬ ಹುಡುಗಿ. ನಕ್ಕರೆ ಎಡಗೆನ್ನೇಲಿ ಮಾತ್ರ ಗುಳಿ ಬೀಳುತ್ತೆ.”

“ಹೌದಾ? ಆಮ್ಯಾಲೆ?”

“ಎಲ್ಲರಿಗೂ ಬಡಿಸ್ತಾಳೆ, ತಾನು ಊಟ ಮಾಡೋದೇ ಮರೀತಾಳೆ.”

“ಸಣ್ಣ ಹಾಡಿಗೆ ಭಾಳ ಅರ್ಥ ಅದ ನೋಡ್ರಿ” ಎಂದು ಅವಳು ವೇದಿಕೆಯತ್ತ ತಿರುಗಿದಳು. ಎಡಗೆನ್ನೆಯ ಗುಳಿ ಎದ್ದು ಕಾಣುತ್ತಿತ್ತು.

ಎರಡನೆಯ ಹಾಡಿಗೆ ಅವನಿಗೆ ಧೈರ್ಯ ಬಂತು. “ಆ ಹುಡುಗಿ ದೂರ ಹೋಗ್ತಾಳಂತ ಇವನಿಗೆ ಮೂರು ವಾರದಿಂದ ನಿದ್ದೆ ಇಲ್ಲ.”

“ಎಲ್ಲಿಗೆ ಹೋಗ್ತಾಳಂತ?”

“ಉತ್ತರಕ್ಕೆ.”

ಇಂಟರ್ವಲ್‌ನಲ್ಲಿ ಬೃಂದಾ ಬ್ಯಾಗಿನಿಂದ ಬ್ಯಾಂಡಿನ ಸಿ.ಡಿ. ತೆಗೆದಳು. “ಇದರೊಳಗ ಇಂಗ್ಲಿಷಿನ್ಯಾಗ ಅರ್ಥ ಕೊಟ್ಟಾರ. ಮೊದಲನೇದು ಚಳಿಗಾಲಕ್ಕ ಬೈಯೋ ಹಾಡು. ಎರಡನೇದು, ಕುದುರಿ ಕುಂಟಾತು ಅಂತ ಅಳೋದು.”

ಋಷಿಕೇಶ ಇಂಗು ತಿಂದ ಮಂಗನಂತೆ ಕೂತ. “ನಿಮಗೆ ಮೊದಲೇ ಗೊತ್ತಿತ್ತಾ?”

“ಬಾಯಿಪಾಠ ಅದ.”

“ಮತ್ಯಾಕೆ ಕೇಳಿದ್ರಿ?”

“ಕುದುರಿಗಿಂತ ನೀವು ಹೇಳಿದ್ದ ಛಂದ ಇತ್ತು” ಎಂದವಳ ದನಿ ಸಣ್ಣದಾಯಿತು.

ಹೇಗೂ ಮಾನ ಹೋಗಿತ್ತು, ಇನ್ನು ಹೆದರುವುದೇನು ಎನಿಸಿತು ಅವನಿಗೆ. “ಗುಳಿ ನಿಮ್ದು, ನಿದ್ದೆಗೆಟ್ಟವನು ನಾನು. ಬೃಂದಾ, ನಂಗೆ ನೀವಂದ್ರೆ ತುಂಬಾ ಇಷ್ಟ.”

ಅವಳು ಸಿ.ಡಿ.ಯನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಉತ್ತರ ಬರುವ ಮೊದಲೇ ದೀಪ ಆರಿ ಡ್ರಮ್ಸ್ ಮೊಳಗಿತು.

“ಇದರ ಅರ್ಥ ನಾ ಹೇಳ್ತೀನಿ” ಎಂದು ಬೃಂದಾ ಅವನ ಕಿವಿಯ ಬಳಿ ಬಾಗಿದಳು. “ಹುಡುಗಿ ಅಂತಾಳ, ನನಗೂ ನೀ ಅಂದ್ರ ಜೀವ. ಗ್ಲಾಸ್ಗೋಕ್ಕ ಐದ ತಾಸಿನ ಟ್ರೇನ್. ಶನಿವಾರ ಬಾ.”

ಋಷಿಕೇಶನಿಗೆ ನಗು ತಡೆಯಲಾಗಲಿಲ್ಲ. “ಎಂಟ್ನೂರು ವರ್ಷದ ಹಿಂದೆ ಟ್ರೇನ್ ಇತ್ತಾ?”

“ಇದ್ದಿದ್ದಿಲ್ಲ. ಅದಕ್ಕ ಪಾಪ, ಅಂವಾ ಬರೇ ಹಾಡ್ಕೋತ ಕೂತ” ಎನ್ನುತ್ತ ಅವಳು ಕತ್ತಲಲ್ಲಿ ಅವನ ಕೈ ಹಿಡಿದಳು. “ನಿಮಗ ಟ್ರೇನ್ ಅದ ಅಲ್ಲಾ, ಬರ್ರಿ.”